ಲಿಂಡಿಸ್‌ಫಾರ್ನ್: ಉಬ್ಬರವಿಳಿತದ ಪಟ್ಟಿ ಹಿಡಿದು ಓದಬೇಕಾದ ಊರು

ಇಂಗ್ಲೆಂಡಿನ ಈಶಾನ್ಯ ಮೂಲೆಯ ನಾರ್ಥಂಬರ್‌ಲ್ಯಾಂಡ್ ತೀರಕ್ಕೆ ಅಂಟಿಯೂ ಅಂಟದಂತಿರುವ ಪುಟ್ಟ ದ್ವೀಪವಿದು. ಸುತ್ತಲಿನವರು ಕರೆಯುವುದು ಹೋಲಿ ಐಲ್ಯಾಂಡ್ ಎಂದು. ಇರುವುದು ಒಂದೇ ಹಳ್ಳಿ, ನೂರೈವತ್ತರ ಆಸುಪಾಸು ಜನ. ಪರೀಕ್ಷೆಗೆ ಓದುವವರು ಇಸವಿಗಳನ್ನು ಉರುಹೊಡೆಯುವ ಮೊದಲು ಕಡಲಿನ ಲೆಕ್ಕ ಅರ್ಥ ಮಾಡಿಕೊಳ್ಳಿ, ಉಳಿದದ್ದು ಸುಲಭವಾಗುತ್ತದೆ.

ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಉಬ್ಬರ ತುದಿ ಮುಟ್ಟುವ ಸುಮಾರು ಎರಡು ಗಂಟೆ ಮೊದಲೇ ಮುಖ್ಯಭೂಮಿಯಿಂದ ದ್ವೀಪಕ್ಕೆ ಬರುವ ರಸ್ತೆ ಮುಳುಗುತ್ತದೆ, ಮುಟ್ಟಿದ ಮೂರು ಗಂಟೆಯ ನಂತರ ಬಿಡುತ್ತದೆ. ಮಧ್ಯಾಹ್ನ 12ಕ್ಕೆ ಉಬ್ಬರವಿದ್ದರೆ ಬೆಳಿಗ್ಗೆ 10ರಿಂದ 3ರವರೆಗೆ ದಾರಿ ಬಂದ್. ಮರುದಿನ ಇದೆಲ್ಲ ಸುಮಾರು 50 ನಿಮಿಷ ತಡ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಇನ್ನೂ ಮೇಲೇರುತ್ತದೆ. ಬಿರುಗಾಳಿ ಬಂದರೆ ಬಂದ್ ಅವಧಿಯೂ ಉದ್ದವಾಗುತ್ತದೆ. ಹಾಗಾಗಿ ಈ ಅಂದಾಜನ್ನು ಓದಿಗಷ್ಟೇ ಇಟ್ಟುಕೊಳ್ಳಿ. ದಾಟುವವರು ನೋಡಬೇಕಾದದ್ದು ಕೌಂಟಿ ಕೌನ್ಸಿಲ್ (ಅಲ್ಲಿನ ಸ್ಥಳೀಯ ಆಡಳಿತ) ಪ್ರಕಟಿಸುವ ಸುರಕ್ಷಿತ ಸಮಯದ ಪಟ್ಟಿ.

ಕಾರುಗಳು ಸಿಕ್ಕಿಬೀಳುವುದೇಕೆ? ರಸ್ತೆಯ ಅತಿ ತಗ್ಗು ಜಾಗ ಮುಖ್ಯಭೂಮಿಯ ಕಡೆಯ ಸೇತುವೆಯ ಹತ್ತಿರವಿದೆ. ದ್ವೀಪದಿಂದ ಹೊರಟವರಿಗೆ ಕಣ್ಣೆದುರಿನ ರಸ್ತೆ ಒಣಗಿಯೇ ಕಾಣುತ್ತದೆ. ಅರ್ಧ ದಾರಿ ಬಂದ ಮೇಲೆ ಮುಂದೆ ನೀರು, ಹಿಂದೆಯೂ ನೀರು. ಅಂಥವರು ಹತ್ತಿ ಕೂರಲೆಂದೇ ಸೇತುವೆಯ ಬಳಿ ಎತ್ತರದ ಕಂಬಗಳ ಮೇಲೊಂದು ಮರದ ಗೂಡಿದೆ. ಮರಳಿನ ಮೇಲೆ ಕಂಬದ ಸಾಲು ಹಿಡಿದು ನಡೆಯುವ ಹಳೆಯ ಯಾತ್ರಾ ದಾರಿಗೆ ಕಾರಿನ ಸಮಯ ಹೊಂದುವುದಿಲ್ಲ. ನೀರು ಇಳಿಯುತ್ತಿರುವಾಗಲೇ ಹೊರಟು, ಪೂರ್ತಿ ಇಳಿಯುವಷ್ಟರಲ್ಲಿ ಆಚೆ ದಡ ಸೇರಬೇಕು. ಡಾಂಬರು ರಸ್ತೆ ಬಂದದ್ದೇ 1954ರಲ್ಲಿ. ಅಲ್ಲಿಯತನಕ ಗಾಡಿಗಳಿಗೂ ಮರಳೇ ಗತಿ.

ಈಗ ಇತಿಹಾಸ. 635ರಲ್ಲಿ ನಾರ್ಥಂಬ್ರಿಯದ ರಾಜ ಓಸ್ವಾಲ್ಡ್ ಕರೆಗೆ ಓಗೊಟ್ಟು ಸ್ಕಾಟ್ಲೆಂಡಿನ ಅಯೋನಾ ದ್ವೀಪದಿಂದ ಬಂದ ಸನ್ಯಾಸಿ ಐಡನ್ ಇಲ್ಲಿ ಮಠ ಕಟ್ಟಿದ. 687ರಲ್ಲಿ ತೀರಿಕೊಂಡ, ಇಲ್ಲಿನ ಬಿಷಪ್ ಆಗಿದ್ದ ಸಂತ ಕತ್‌ಬರ್ಟ್‌ನಿಂದಾಗಿ ಇದು ಯಾತ್ರಾಸ್ಥಳವಾಯಿತು. ಬಿಷಪ್ ಈಡ್‌ಫ್ರಿತ್ ಕರುವಿನ ಚರ್ಮದ ಹಾಳೆಗಳ ಮೇಲೆ ಬರೆದನೆನ್ನುವ ಲ್ಯಾಟಿನ್ ಸುವಾರ್ತೆಗಳ (ಬೈಬಲಿನಲ್ಲಿ ಏಸುವಿನ ಬದುಕು ಹೇಳುವ ಪುಸ್ತಕಗಳ) ಸಾಲುಗಳ ನಡುವೆ, 10ನೇ ಶತಮಾನದಲ್ಲಿ ಆಲ್ಡ್ರೆಡ್ ಎಂಬ ಪಾದ್ರಿ ಹಳೆಯ ಇಂಗ್ಲಿಷಿನಲ್ಲಿ ಪದಕ್ಕೆ ಪದ ಅರ್ಥ ಬರೆದ. ಇಂಗ್ಲಿಷಿನಲ್ಲಿ ಉಳಿದಿರುವ ಅತಿ ಹಳೆಯ ಸುವಾರ್ತೆಯ ಅನುವಾದ ಅದೇ. ಇಡೀ ಪಾಠದಲ್ಲಿ ನಿಂತು ಓದಬೇಕಾದ ಜಾಗವಿದು.

ಉತ್ತರಪತ್ರಿಕೆಯಲ್ಲಿ ಎರಡು ತಪ್ಪು ಮತ್ತೆ ಮತ್ತೆ ಬರುತ್ತವೆ. ಸರಿಯಾದದ್ದು ಹೀಗೆ. 793ರ ಜೂನ್ 8ರ ವೈಕಿಂಗ್ ದಾಳಿಗೆ ಮಠ ಮುಚ್ಚಲಿಲ್ಲ. ಸನ್ಯಾಸಿಗಳು ಕತ್‌ಬರ್ಟ್‌ನ ದೇಹ ಹೊತ್ತು ಊರು ಬಿಟ್ಟದ್ದು 875ರಲ್ಲಿ. ಇಂದು ಕಾಣುವ ಕೆಂಪು ಕಲ್ಲಿನ ಅವಶೇಷವೂ ಐಡನ್‌ನದಲ್ಲ. ಅವನ ಕಾಲದ ಚರ್ಚು ಮರದ್ದು. ಇದು ಡರಮ್‌ನ ಬೆನೆಡಿಕ್ಟಿನ್ ಪಂಥದ ಸನ್ಯಾಸಿಗಳು 12ನೇ ಶತಮಾನದಲ್ಲಿ ಕಟ್ಟಿಸಿದ್ದು. 1537ರಲ್ಲಿ ಮಠ ಮುಚ್ಚಿದ ಮೇಲೆ ಅದರ ಕಲ್ಲುಗಳು ಬಂಡೆಯ ಮೇಲಿನ ಕೋಟೆಗೆ ಹೋದವು.

ಊರಿನ ಬದುಕು ಬಹುಕಾಲ ಮೀನಿನದು. ಹೆರಿಂಗ್ ಮೀನು ಹಿಡಿಯುತ್ತಿದ್ದ ಹಳೆಯ ದೋಣಿಗಳನ್ನು ಕವುಚಿ, ಟಾರು ಬಳಿದು, ಬಾಗಿಲಿಟ್ಟು ಬಲೆ, ಹಗ್ಗ ಇಡುವ ಕೊಟ್ಟಿಗೆ ಮಾಡಿಕೊಂಡಿದ್ದಾರೆ. ಈಗ ಏಡಿ, ದೊಡ್ಡ ಸಿಗಡಿಯಂಥ ಲಾಬ್‌ಸ್ಟರ್‌ಗಳ ಕಾಲ. ಬಲೆ ಹೆಣೆದ ಬುಟ್ಟಿಗೆ ಮೀನಿನ ತುಂಡು ಕಟ್ಟಿ ಇಳಿಬಿಡುತ್ತಾರೆ. ಸಿಕ್ಕ ಲಾಬ್‌ಸ್ಟರ್‌ನ ಕಣ್ಣುಗೂಡಿನಿಂದ ಬೆನ್ನುಚಿಪ್ಪಿನ ಕೊನೆಯವರೆಗೆ ಅಳೆದಾಗ 87 ಮಿಲಿಮೀಟರಿಗಿಂತ ಕಡಿಮೆಯಿದ್ದರೆ, ಅಥವಾ ಹೊಟ್ಟೆಯಡಿ ಮೊಟ್ಟೆಯಿದ್ದರೆ, ವಾಪಸ್ ಕಡಲಿಗೆ.