ಬೃಹನ್ನಳೆಯನ್ನು ಜನ ನಗದ ಹಾಗೆ ಮಾಡುವುದು ಹೇಗೆ?

ಪ್ರಶ್ನೆ: ಮಗನಿಗೆ 17 ವರ್ಷ. ಏಳು ವರ್ಷದಿಂದ ಮಾಟುಂಗಾಕ್ಕೆ ಹೋಗಿ ಭರತನಾಟ್ಯ ಕಲಿಯುತ್ತಿದ್ದಾನೆ. ಈ ಸಲ ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ಬೃಹನ್ನಳೆ ಮಾಡುತ್ತೇನೆ ಅಂತ ಹಟ ಹಿಡಿದಿದ್ದಾನೆ. ಆ ಹೆಸರು ಕೇಳಿದರೇ ನಮ್ಮವರು ನಗುತ್ತಾರೆ. ನಗದ ಹಾಗೆ ಮಾಡೋಕೆ ಆಗುತ್ತಾ? ಈ ಪಾತ್ರವೇ ಯಾಕೆ ಅಂತ ಅವನನ್ನು ಕೇಳಬೇಕಾ? (ಒಬ್ಬ ತಾಯಿ, ಡೊಂಬಿವಲಿ)

ಉತ್ತರ: ಖಂಡಿತ ಆಗುತ್ತದೆ. ನಗು ಬರುವುದು ಪಾತ್ರದಿಂದಲ್ಲ, ಅಣಕದಿಂದ. ಸೊಂಟ ಅತಿಯಾಗಿ ಕುಲುಕಿತು, ತೋರುಬೆರಳು ಗಲ್ಲಕ್ಕೆ ಹೋಯಿತು ಅಂದರೆ ಸಭೆಗೆ ಕಾಣುವುದು ಸಿನಿಮಾದ ಹಾಸ್ಯಪಾತ್ರವೇ. ಇದೇ ಸಭೆ ಮಳೆಗಾಲದಲ್ಲಿ ಊರಿಂದ ಬಂದ ಯಕ್ಷಗಾನ ಕಲಾವಿದರ ಸ್ತ್ರೀವೇಷವನ್ನು ಕಣ್ಣು ಮಿಟುಕಿಸದೆ ನೋಡುತ್ತದೆ. ಗಂಡು ಹೆಣ್ಣಿನ ಪಾತ್ರವನ್ನೂ ಹೆಣ್ಣು ಗಂಡಿನ ಪಾತ್ರವನ್ನೂ ವಹಿಸುವುದಕ್ಕೆ ನಾಟ್ಯಶಾಸ್ತ್ರದಲ್ಲಿ ‘ರೂಪಾನುಸಾರಿಣಿ’ ಎಂಬ ಹೆಸರೇ ಇದೆ. ಇದು ಹೊಸ ಸಾಹಸವಲ್ಲ.

ಮೊದಲು ಕಥೆಯನ್ನು ಸರಿಯಾಗಿ ಓದಿಸಿ. ಅಜ್ಞಾತವಾಸದ ವರ್ಷ ಅರ್ಜುನ ವಿರಾಟನ ಅರಮನೆಯಲ್ಲಿ ನಾಟ್ಯ ಕಲಿಸುವ ಬೃಹನ್ನಳೆಯಾಗಿ ಅಡಗಿರುತ್ತಾನೆ. ವ್ಯಾಸಭಾರತದ ವಿರಾಟಪರ್ವದಲ್ಲಿ ನಗು ಇದೆ, ಆದರೆ ಅದನ್ನು ಹುಟ್ಟಿಸುವವನು ಅರ್ಜುನನೇ. ಯುದ್ಧಕ್ಕೆ ಹೊರಡುವಾಗ ಬೇಕೆಂದೇ ಕವಚವನ್ನು ತಲೆಕೆಳಗಾಗಿ ತೊಡಲು ಹೋಗುತ್ತಾನೆ, ಅಂತಃಪುರದ ಹುಡುಗಿಯರು ನಗುತ್ತಾರೆ. ಮುಂದೆ ಹೆದರಿ ಓಡುವ ರಾಜಕುಮಾರ ಉತ್ತರನ ಹಿಂದೆ ಜಡೆ ಹಾರಿಸಿಕೊಂಡು ಓಡುವಾಗ ಕೌರವ ಸೈನಿಕರೂ ನಗುತ್ತಾರೆ. ಆ ನಗು ಹೆಚ್ಚು ಹೊತ್ತು ಉಳಿಯುವುದಿಲ್ಲ. ಇವರಲ್ಲಿ ಒಂದಷ್ಟು ಗಂಡಿನದು, ಒಂದಷ್ಟು ಹೆಣ್ಣಿನದು ಇದೆಯಲ್ಲ, ತಲೆ, ಕೊರಳು, ತೋಳು ಅರ್ಜುನನವೇ ಅಲ್ಲವೇ ಎಂದು ಅವರಿಗೇ ಸಂಶಯ ಬರುತ್ತದೆ. ನಿಮ್ಮ ಮಗ ಹಿಡಿಯಬೇಕಾದದ್ದು ಈ ಸಂಶಯವನ್ನು. ಗಂಡು ಹೋಗಿ ಹೆಣ್ಣು ಬಂದದ್ದಲ್ಲ, ಎರಡೂ ಒಂದೇ ಮೈಯಲ್ಲಿ ಕಾಣುವುದು.

ಅದಕ್ಕೆ ಕಥೆಯೇ ಒಂದು ಚಿತ್ರ ಕೊಟ್ಟಿದೆ: ಬಳೆ. ಎರಡೂ ಕೈಯಲ್ಲಿ ಬಾಣ ಬಿಡುವ ಸವ್ಯಸಾಚಿಗೆ ಎರಡೂ ತೋಳಿನಲ್ಲಿ ಬಿಲ್ಲಿನ ಹೆದೆ ತಾಗಿ ಆದ ಗಾಯದ ಗುರುತು. ಅದನ್ನು ಮರೆಮಾಡುವುದು ಕಷ್ಟ, ಬಳೆಯಿಂದ ಮುಚ್ಚುತ್ತೇನೆ ಎನ್ನುತ್ತಾನೆ. ಆಯುಧ ಅಡಗಿಸಿಟ್ಟ ಶಮೀವೃಕ್ಷದ ಬಳಿ ಬಳೆ ಕಳಚಿ, ಬಿಳಿ ಬಟ್ಟೆಯಿಂದ ಕೂದಲು ಎತ್ತಿ ಕಟ್ಟುತ್ತಾನೆ. ಏಳೆಂಟು ನಿಮಿಷದ ನೃತ್ಯಕ್ಕೆ ಮೂರು ದೃಶ್ಯ ಸಾಕು: ಬಳೆ ತೊಡುವುದು, ರಾಜಕುಮಾರಿ ಉತ್ತರೆಗೆ ನಾಟ್ಯ ಕಲಿಸುವುದು, ಬಳೆ ಕಳಚುವುದು.

ಬಳೆ ಅಭಿನಯದಲ್ಲೇ ಇರಲಿ. ನಿಜವಾದ ಬಳೆ ಕಳಚಿದ ಮೇಲೆ ಎಲ್ಲಿಡುವುದು? ಮರುಕ್ಷಣವೇ ಎಡಗೈ ಶಿಖರ, ಬಲಗೈ ಕಟಕಾಮುಖ ಹಸ್ತಮುದ್ರೆ ಹಿಡಿದು ಬಿಲ್ಲು ಎಳೆಯಬೇಕು. ಗಾಜಿನ ಬಳೆಯಾದರೆ ಒಡೆದು ಬರಿಗಾಲಿಗೆ ಚುಚ್ಚೀತು. ಬಲಗೈಯ ಹೆಬ್ಬೆರಳು, ನಡುಬೆರಳುಗಳನ್ನು ಎಡಗೈಯ ಸುತ್ತ ನಿಧಾನ ತಿರುಗಿಸಿ, ಗಾಯದ ಜಾಗದಲ್ಲಿ ಒಂದು ಕ್ಷಣ ನಿಲ್ಲಿಸಿ, ಆಮೇಲೆ ಬಳೆ ಏರಿಸಿದರೆ ಕೊನೆಯ ಸಾಲಿನವರಿಗೂ ತಿಳಿಯುತ್ತದೆ. ಆತುರಪಟ್ಟರೆ ಕೈ ತೊಳೆದಂತೆ ಕಾಣುತ್ತದೆ.

ಮೈಯ ಮಟ್ಟಿಗೆ, ಬದಲಾಗಬೇಕಾದದ್ದು ತೂಕ. ಅರ್ಜುನನಿಗೆ ಅರಮಂಡಿಯಲ್ಲಿ (ಮಂಡಿ ಹೊರಕ್ಕೆ ಬಾಗಿಸಿದ ಅರೆ ಕೂತ ನಿಲುವು) ಎರಡೂ ಪಾದದ ಮೇಲೆ ಸಮ ತೂಕ, ನೇರ ನೋಟ. ಬೃಹನ್ನಳೆಗೆ ತೂಕದ ಮುಕ್ಕಾಲು ಪಾಲು ಒಂದು ಕಾಲಿಗೆ, ಇನ್ನೊಂದರ ಹಿಮ್ಮಡಿ ಬೆರಳಿನಷ್ಟು ಮೇಲೆ, ಮೊಣಕೈ ಪಕ್ಕೆಗೆ ಹತ್ತಿರ. ಸೊಂಟವನ್ನು ಪ್ರತ್ಯೇಕವಾಗಿ ಅಲ್ಲಾಡಿಸಬೇಡಿ, ತೂಕ ಹೋದ ಕಡೆ ಅದು ತಾನೇ ಹೋಗುತ್ತದೆ. ಹುಡುಗರು ಇಲ್ಲಿ ಭುಜ ಎತ್ತಿಬಿಡುತ್ತಾರೆ, ಆಗಲೇ ಅಣಕದ ವಾಸನೆ ಬರುವುದು. ಉತ್ತರೆಯ ನಾಟ್ಯಾರಂಭದ (ತೋಳು ಚಾಚಿದ ಆರಂಭದ ಭಂಗಿ) ಕೈ ತಿದ್ದುವಾಗ ಗುರುವಿನ ಎಡತೋಳು ತಿಳಿಯದೆಯೇ ಬಿಲ್ಲು ಹಿಡಿದಷ್ಟು ನೀಳವಾಗಲಿ, ಎಚ್ಚರಾಗಿ ಹಿಂದೆ ಬರಲಿ. ಇಡೀ ನೃತ್ಯದಲ್ಲಿ ಒಂದೇ ಸಲ ಸಾಕು.

ಹಾಡಿಗೆ ಕುಮಾರವ್ಯಾಸನ ವಿರಾಟಪರ್ವದ ಎರಡು ಮೂರು ಪದ್ಯ ಆರಿಸಿಕೊಳ್ಳಿ. ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆಯ ನಡೆ ಏಳು ಮಾತ್ರೆಯ ಮಿಶ್ರಚಾಪು ತಾಳಕ್ಕೆ ಹೇಳಿ ಮಾಡಿಸಿದ್ದು. 1, 2, 4, 5ನೇ ಸಾಲಿಗೆ 14 ಮಾತ್ರೆ, ಅಂದರೆ ತಾಳದ ಎರಡೆರಡು ಸುತ್ತು (ಆವರ್ತ). ಎಡವುವುದು 3 ಮತ್ತು 6ನೇ ಸಾಲಿನಲ್ಲಿ: ಅಲ್ಲಿ 23 ಮಾತ್ರೆ. ಸಾಲು ಮುಗಿದ ಕೂಡಲೇ ಮುಂದಿನದನ್ನು ಎತ್ತಿದರೆ ತಾಳ ಎರಡು ಮಾತ್ರೆ ಜಾರುತ್ತದೆ. ಕೊನೆಯ ಗುರು ಅಕ್ಷರದ ನಂತರ ‘ತದಿಗಿಣತೊಂ’ ಎಂದು ಐದು ಮಾತ್ರೆ ತುಂಬಿ 28 ಮಾಡಿ. ಪದ್ಯ 16 ಆವರ್ತಕ್ಕೆ ಸರಿಯಾಗಿ ಕೂರುತ್ತದೆ. ಆ ಐದು ಮಾತ್ರೆಯೇ ತೂಕ ಬದಲಿಸುವ ಜಾಗ. ಸಾಹಿತ್ಯ ಇಲ್ಲದಿರುವುದರಿಂದ ಸಭೆಯ ಕಣ್ಣು ಮೈಮೇಲೆಯೇ ಇರುತ್ತದೆ.

ವೇಷ ಒಂದೇ ಬಣ್ಣದ ಕಚ್ಚೆ, ಒಂದು ಶಲ್ಯ. ಚೌರಿ (ಕೃತಕ ಕೂದಲು) ಬೇಡ, ಗಿರಕಿ ಹೊಡೆಯುವ ಭ್ರಮರಿಯಲ್ಲಿ ಜಾರುತ್ತದೆ. ಅಭ್ಯಾಸದ ವಿಡಿಯೊವನ್ನು ಶಬ್ದ ತೆಗೆದು, ಕಥೆ ಗೊತ್ತಿಲ್ಲದ ಯಾರಿಗಾದರೂ ತೋರಿಸಿ. ‘ಇವರು ಏನನ್ನೋ ಮುಚ್ಚುತ್ತಿದ್ದಾರೆ’ ಎಂದರೆ ದಾರಿ ಸರಿಯಿದೆ.

ಇನ್ನು ಎರಡನೆಯ ಪ್ರಶ್ನೆ. ಪಾತ್ರ ಆರಿಸಿಕೊಂಡದ್ದೇ ತನ್ನ ಬಗ್ಗೆ ಹೇಳಿಕೆ ಕೊಟ್ಟಂತಲ್ಲ, ಹಾಗಾಗಿ ‘ಯಾಕೆ’ ಎಂದು ವಿಚಾರಣೆ ಮಾಡಬೇಡಿ. ‘ಕಥೆಯಲ್ಲಿ ನಿನಗೆ ಯಾವ ಜಾಗ ಇಷ್ಟ?’ ಎಂದು ಕೇಳಿ. ಇದು ನೃತ್ಯಕ್ಕೂ ಬೇಕಾದ ಪ್ರಶ್ನೆ. ಬೃಹನ್ನಳೆ ಒಂದು ವರ್ಷದ ವೇಷ, ಅವಧಿ ಮುಗಿದರೆ ಅರ್ಜುನ. ವೇಷವಲ್ಲದ, ತಾನು ಇಂಥವನೇ ಎಂದು ನಿಲ್ಲುವ ಬದುಕು ಅವನನ್ನು ಸೆಳೆದಿದ್ದರೆ ಶಿಖಂಡಿ ಹತ್ತಿರ. ದ್ರುಪದನ ಮಗಳಾಗಿ ಹುಟ್ಟಿ, ಮಗನಾಗಿ ಬೆಳೆದು, ಸ್ಥೂಣಾಕರ್ಣನೆಂಬ ಯಕ್ಷನಿಂದ ಗಂಡುತನ ಪಡೆದವನು. ಶಿಖಂಡಿ ಎಂಬ ಹೆಸರು ನಮ್ಮಲ್ಲಿ ಬೈಗುಳವಾಗಿರುವುದು ನಮ್ಮ ತಪ್ಪು. ಗಂಡು, ಹೆಣ್ಣು ಎರಡನ್ನೂ ಒಟ್ಟಿಗೆ ಹೊರುವುದು ಇಷ್ಟವಾದರೆ ಬಲಕ್ಕೆ ಶಿವ, ಎಡಕ್ಕೆ ಪಾರ್ವತಿಯಾದ ಅರ್ಧನಾರೀಶ್ವರ ಇದೆ, ಕುಮುದಕ್ರಿಯಾ ರಾಗದಲ್ಲಿ ಅವನ ಮೇಲೆ ಮುತ್ತುಸ್ವಾಮಿ ದೀಕ್ಷಿತರ ಕೃತಿಯೂ ಇದೆ.

ಮಗ ತನ್ನ ಬಗ್ಗೆಯೇ ಏನಾದರೂ ಹೇಳಿದರೆ ಪೂರ್ತಿ ಕೇಳಿಸಿಕೊಳ್ಳಿ. ಅವನನ್ನು ಕೇಳದೆ ಗುರುಗಳಿಗೂ ಬಂಧುಗಳಿಗೂ ಹೇಳಬೇಡಿ. ಭರತನಾಟ್ಯದ ನರ್ತಕಿ ನಟರಾಜ್ 2019ರಲ್ಲಿ, ಜೋಗತಿ ನೃತ್ಯದ ಮಂಜಮ್ಮ ಜೋಗತಿ 2021ರಲ್ಲಿ ಪದ್ಮಶ್ರೀ ಪಡೆದ ಲಿಂಗತ್ವ ಅಲ್ಪಸಂಖ್ಯಾತ ಕಲಾವಿದೆಯರು. ಇಬ್ಬರ ನೃತ್ಯವನ್ನೂ ಅವನ ಜೊತೆ ಕೂತು ನೋಡಿ.

ಕಾರ್ಯಕ್ರಮದ ದಿನ ಮುಖ್ಯವಾದ ಒಂದು ಕೆಲಸ: ನಿರೂಪಕರಿಗೆ ಪರಿಚಯವನ್ನು ನೀವೇ ಬರೆದುಕೊಡಿ. ಸಭೆಯನ್ನು ರಂಜಿಸಲು ಹೋಗಿ ಅವರು ಒಂದು ಚಟಾಕಿ ಹಾರಿಸಿದರೆ ತಿಂಗಳ ಅಭ್ಯಾಸ ಮಣ್ಣುಪಾಲು. ‘ಷಂಡ’, ‘ನಪುಂಸಕ’ ಪದಗಳು ಬೇಡ. ಎರಡೇ ವಾಕ್ಯ ಸಾಕು: “ವಿರಾಟನ ಅರಮನೆಯಲ್ಲಿ ನಾಟ್ಯ ಕಲಿಸುವ ಗುರು ಬೃಹನ್ನಳೆ. ಅವರ ಬಳೆಗಳನ್ನು ಗಮನವಿಟ್ಟು ನೋಡಿ.”