ಓದುಗರ ಪ್ರಶ್ನೆ: ಬಿಪಿಗೂ ಅಜೀರ್ಣಕ್ಕೂ ಚೀನೀ ಕಷಾಯ ಕುಡಿದು ಮಾತ್ರೆ ಬಿಡಬಹುದಾ?

ಬಿಡಬೇಡಿ. ಈ ಉತ್ತರವನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಮತ್ತೆ ಬರೆಯುತ್ತೇನೆ, ಇದು ಜೀವದ ವಿಷಯ.

ಚೀನಾದಲ್ಲಿ ಈ ಎರಡಕ್ಕೂ ಕಷಾಯ ಬೇರೆ ಬೇರೆ. ಬಿಪಿ ಏರಿ ತಲೆ ಸುತ್ತುವವರಿಗೆ ತಿಯನ್‌ಮಾ ಗೌತೆಂಗ್ ಯಿನ್. ಇದರಲ್ಲಿ ತಿಯನ್‌ಮಾ ಒಂದು ಆರ್ಕಿಡ್ ಗೆಡ್ಡೆ. ಗೌತೆಂಗ್ ಅಂದರೆ ಮೀನಿನ ಗಾಳದ ಹಾಗೆ ಬಾಗಿದ ಕೊಕ್ಕೆಗಳಿರುವ ಬಳ್ಳಿಯ ತುಂಡು. ಅದನ್ನು ಕೊನೆಯಲ್ಲಿ ಹಾಕುತ್ತಾರೆ, ಜಾಸ್ತಿ ಕುದಿಸಿದರೆ ಸತ್ವ ಹೋಗುತ್ತದೆ. ಉಂಡದ್ದು ಅರಗದೆ ಸೊರಗಿದವರಿಗೆ ಸಿಜುನ್‌ಜಿ ತಾಂಗ್. ಜಿನ್‌ಸೆಂಗ್, ಬೈಜು, ಫುಲಿಂಗ್, ಗನ್‌ಚಾವ್, ನಾಲ್ಕೇ ಸಾಮಾನು.

ಈಗ ಎಲ್ಲರೂ ಹೇಳುವ ಆ ಮಾತಿಗೆ ಬರೋಣ: ‘ಬೇರು-ನಾರು ಅಲ್ವಾ, ಕೆಟ್ಟದ್ದೇನು ಮಾಡುತ್ತೆ?’

ಆ ನಾಲ್ಕನೆಯ ಸಾಮಾನನ್ನೇ ನೋಡಿ. ಗನ್‌ಚಾವ್ ನಮ್ಮ ಜ್ಯೇಷ್ಠಮಧುವಿನ ಹತ್ತಿರದ ನೆಂಟ. ಹಳದಿ ಚಕ್ಕೆ, ಬಾಯಿಗಿಟ್ಟರೆ ಸಿಹಿ. ಚೀನೀ ಕಷಾಯಗಳಲ್ಲಿ ಇದರಷ್ಟು ಬಳಕೆಯಾಗುವ ಬೇರು ಕಡಿಮೆ. ಆ ಸಿಹಿಗೆ ಕಾರಣ ಗ್ಲಿಸಿರೈಜಿನ್. ನಮ್ಮ ಮೂತ್ರಪಿಂಡದಲ್ಲಿ ಕಾರ್ಟಿಸಾಲ್ ಹಾರ್ಮೋನನ್ನು ತಣ್ಣಗಾಗಿಸುವ ಒಂದು ಕಿಣ್ವವಿದೆ. ಗ್ಲಿಸಿರೈಜಿನ್ ಅದರ ಕೈ ಕಟ್ಟಿಹಾಕುತ್ತದೆ. ಆಗ ಕಾರ್ಟಿಸಾಲ್, ಉಪ್ಪು ಹಿಡಿದಿಡುವ ಆಲ್ಡೋಸ್ಟಿರೋನ್ ಮಾಡುವ ಕೆಲಸವನ್ನು ತಾನೇ ಮಾಡತೊಡಗುತ್ತದೆ. ಮೈಯಲ್ಲಿ ಉಪ್ಪು, ನೀರು ಉಳಿಯುತ್ತದೆ, ಪೊಟ್ಯಾಸಿಯಂ ಹೊರಗೆ ಹೋಗುತ್ತದೆ. ಬಿಪಿ ಏರುತ್ತದೆ. ಗಂಟಲು ಕೆರೆತಕ್ಕೆ ಎಂದೋ ಒಂದು ಚೂರು ಅಗಿದರೆ ಇಷ್ಟೆಲ್ಲ ಆಗುವುದಿಲ್ಲ. ವಾರಗಟ್ಟಲೆ ದಿನಾ ಕುಡಿದರೆ ಆಗುತ್ತದೆ. ಬಿಪಿಗೆ ನೀರು ಇಳಿಸುವ ಮಾತ್ರೆ ತಗೊಳ್ಳುವವರಲ್ಲಿ ಪೊಟ್ಯಾಸಿಯಂ ಮೊದಲೇ ಕಡಿಮೆಯಾಗಿರಬಹುದು. ಅವರಿಗೆ ಕೈಕಾಲು ಸೋತು, ಎದೆಬಡಿತ ತಪ್ಪುವ ಅಪಾಯವಿದೆ. ಹೊಟ್ಟೆಗೆಂದು ಕುಡಿದದ್ದು ಬಿಪಿ ಏರಿಸಿತು, ಗೊತ್ತಾಯಿತಲ್ಲ?

ನೆಗಡಿ, ದಮ್ಮಿಗೆ ಕೊಡುವ ಮಾಹುವಾಂಗ್, ಅಂದರೆ ಎಫೆಡ್ರಾ ಗಿಡ, ಕೂಡ ಹೀಗೇ. ಅದರಲ್ಲಿರುವ ಎಫೆಡ್ರಿನ್ ರಕ್ತನಾಳವನ್ನು ಬಿಗಿ ಮಾಡುತ್ತದೆ. ಎಫೆಡ್ರಾ ಇರುವ ಆಹಾರ ಪೂರಕಗಳನ್ನು ಅಮೆರಿಕ 2004ರಲ್ಲಿ ನಿಷೇಧಿಸಿತು. ಹಾಗಾಗಿ ಏನೇ ಕುಡಿಯುತ್ತಿದ್ದರೂ ಡಾಕ್ಟರಿಗೆ ಹೇಳಿ, ಪೊಟ್ಟಣವನ್ನೇ ತೋರಿಸಿ.

ಹಾಗಾದರೆ ಬೇರಿನಿಂದ ಬಿಪಿ ಇಳಿದೇ ಇಲ್ಲವಾ? ಇದನ್ನು ಯಾರೂ ಕೇಳುವುದಿಲ್ಲ, ನನಗೆ ಹೇಳಲು ಖುಷಿ. ನಮ್ಮ ಸರ್ಪಗಂಧ ಇಳಿಸಿದೆ. ಮುಂಬೈನ ಡಾ. ರುಸ್ತುಮ್ ಜಾಲ್ ವಕೀಲ್ 1949ರಲ್ಲಿ ತಮ್ಮ ರೋಗಿಗಳ ಮೇಲೆ ಅದು ಮಾಡಿದ ಪರಿಣಾಮವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಬೇರೆ ವಿಜ್ಞಾನಿಗಳು ಆ ಬೇರಿನಿಂದ ಬಿಪಿ ಇಳಿಸುವ ರಿಸರ್ಪಿನ್ ಎಂಬ ಅಂಶವನ್ನು ಬೇರ್ಪಡಿಸಿದರು. ಚೀನಾದ ‘ಬೀಜಿಂಗ್ 0 ನಂಬರ್’ ಬಿಪಿ ಮಾತ್ರೆಯಲ್ಲಿರುವುದೂ ಇದೇ ರಿಸರ್ಪಿನ್, ಮಾತ್ರೆಗೆ 0.1 ಮಿಲಿಗ್ರಾಂ. ಜಾಸ್ತಿಯಾದರೆ ಮನಸ್ಸು ಕುಗ್ಗಬಹುದು. ಮನೆಯಲ್ಲಿ ಕುಟ್ಟಿದ ಒಂದು ಚಮಚ ಬೇರಿನ ಪುಡಿಯಲ್ಲಿ ಅದು ಎಷ್ಟಿದೆ ಅಂತ ಯಾವ ತಕ್ಕಡಿಯೂ ಹೇಳುವುದಿಲ್ಲ.