ಕೆಳಗಿನ ಪದರ, ಮೇಲಿನ ಪದರ: ಹಳೆಯ ಪೀಠೋಪಕರಣಗಳಿಗೆ ಅಲಂಕಾರದ ಬಣ್ಣ

ಹಳೆಯ ಕಪಾಟು, ಪೆಟ್ಟಿಗೆ, ಮಂಚ, ಕುರ್ಚಿಗಳಿಗೆ ಬಣ್ಣದಿಂದ ಹೊಸ ರೂಪ ಕೊಡುವ ಕೆಲಸವನ್ನು ಕಲಿಯಲು ಹೊರಟವರಿಗೆ ಮೊದಲು ಎದುರಾಗುವುದು ಹೆಸರುಗಳ ರಾಶಿ: ಡಿಸ್ಟ್ರೆಸಿಂಗ್ (ಸವೆದಂತೆ ಕಾಣಿಸುವುದು), ಕ್ರ್ಯಾಕಲ್ (ಬಿರುಕು ಮೂಡಿಸುವುದು), ಡ್ರೈ ಬ್ರಶಿಂಗ್ (ಬಹುಪಾಲು ಒಣಗಿದ ಬ್ರಶ್ಶಿನಿಂದ ಬಣ್ಣ ಸವರುವುದು), ಗ್ರೇನಿಂಗ್ (ಮರದ ಎಳೆಗಳಂತೆ ಗೆರೆ ಮೂಡಿಸುವುದು), ಸ್ಟೆನ್ಸಿಲ್ (ಕತ್ತರಿಸಿದ ಹಾಳೆಯ ಕಿಂಡಿಗಳ ಮೂಲಕ ಚಿತ್ರ ಮೂಡಿಸುವುದು). ಇವನ್ನು ಬಿಡಿಬಿಡಿಯಾಗಿ ಬಾಯಿಪಾಠ ಮಾಡುವ ಅಗತ್ಯವಿಲ್ಲ. ಎಲ್ಲ ವಿಧಾನಗಳಲ್ಲಿಯೂ ಇರುವುದು ಎರಡು ಪದರಗಳು. ಕೆಳಗಿನ ಪದರವನ್ನು ಎಲ್ಲಿ, ಎಷ್ಟು, ಯಾವ ಉಪಾಯದಿಂದ ಕಾಣಗೊಡುತ್ತೇವೆ ಎಂಬಲ್ಲಿ ಮಾತ್ರ ಅವು ಬೇರೆಯಾಗುತ್ತವೆ. ಹೀಗಾಗಿ ಮೇಲಿನ ಬಣ್ಣದ ಡಬ್ಬಿಯನ್ನು ತೆರೆಯುವ ಮೊದಲೇ ಕೆಳಗಿನ ಬಣ್ಣ ಯಾವುದು, ಅದು ಹೊರಬರುವ ದಾರಿ ಯಾವುದು ಎಂಬುದು ತೀರ್ಮಾನವಾಗಿರಬೇಕು.

ಉತ್ತರ ಕನ್ನಡದವರು ಈ ತತ್ವವನ್ನು ನೋಡಲು ದೂರ ಹೋಗಬೇಕಾಗಿಲ್ಲ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಗಳಿಂದ ಹೆಸರಾದ ಕಾವಿ ಕಲೆ ಗೋವಾದಿಂದ ಹಿಡಿದು ನಮ್ಮ ಕರಾವಳಿಯ ಅನೇಕ ಹಳೆಯ ಕಟ್ಟಡಗಳವರೆಗೆ ಹಬ್ಬಿದ್ದು, ಅದರಲ್ಲಿ ಸುಣ್ಣದ ಬಿಳಿ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣದ ಪದರವನ್ನು ಬಳಿದು, ಅದು ಇನ್ನೂ ಹಸಿಯಾಗಿರುವಾಗಲೇ ಮೊನಚಾದ ಉಪಕರಣದಿಂದ ಕೆರೆದು ತೆಗೆಯುತ್ತಾರೆ. ಚಿತ್ರದಲ್ಲಿ ಕಾಣುವ ಬಿಳಿ ಗೆರೆ ಯಾರೂ ಬರೆದದ್ದಲ್ಲ, ಮೇಲಿನ ಕೆಂಪನ್ನು ತೆಗೆದಾಗ ಉಳಿದದ್ದು.

ಬಣ್ಣಕ್ಕಿಂತ ಮೊದಲು ಮರವನ್ನು ಓದಬೇಕು. ಕುಟ್ಟೆಹುಳುವಿನ ತೂತುಗಳಿಂದ ಸಣ್ಣ ಹಿಟ್ಟು ಉದುರುತ್ತಿದ್ದರೆ ಔಷಧೋಪಚಾರ ಮುಗಿಯುವವರೆಗೆ ಬಣ್ಣದ ಮಾತೇ ಬೇಡ. ಹಳೆಯ ಪಾಲಿಶ್ ಯಾವುದೆಂದು ತಿಳಿಯಲು ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಸ್ಪಿರಿಟ್ ಒರೆಸಿ ನೋಡಬಹುದು. ಮೇಲ್ಮೈ ಅಂಟಂಟಾದರೆ ಅದು ಅರಗಿನ ಪಾಲಿಶ್. ಅರಗನ್ನು ಪೂರ್ತಿ ಕಿತ್ತು ತೆಗೆಯಲೇಬೇಕೆಂದಿಲ್ಲ. ಅದು ಗಟ್ಟಿಯಾಗಿ ಕುಳಿತಿದ್ದರೆ ಮರದೊಳಗಿನ ಕಲೆಯನ್ನು ತಡೆಯುವ ಒಳ್ಳೆಯ ಪದರವೇ ಆಗುತ್ತದೆ, ಮೇಲೆ ಹಗುರವಾಗಿ ಮರಳುಕಾಗದ ಉಜ್ಜಿ ಹಿಡಿತ ಕೊಟ್ಟರೆ ಸಾಕು. ಈ ತಡೆ ಏಕೆ ಬೇಕೆಂಬುದು ಹಲಸಿನ ಮರದಲ್ಲಿ ಸ್ಪಷ್ಟವಾಗುತ್ತದೆ. ಹಲಸಿನ ಮರದ ತಿರುಳನ್ನು ಕುದಿಸಿ ಬಟ್ಟೆಗೆ ಹಳದಿ ಬಣ್ಣ ತೆಗೆಯುವ ಪದ್ಧತಿ ಏಷ್ಯಾದ ಹಲವೆಡೆ ಇದೆ; ಅಂದರೆ ಅದರ ಬಣ್ಣ ನೀರಿಗೆ ಬಿಡುತ್ತದೆ. ಬರಿಯ ಹಲಸಿನ ಮೇಲೆ ನೀರಿನ ಆಧಾರದ ಬಿಳಿ ಬಣ್ಣ ಬಳಿದರೆ ಹಳದಿ ಮಚ್ಚೆಗಳು ಮೇಲೇಳುವುದು ಇದರಿಂದಲೇ. ಸಾಗವಾನಿಯ ಕಂದು ಕಲೆಯೂ ಹೀಗೆಯೇ ಬರುತ್ತದೆ. ಎಷ್ಟು ಕೋಟು ಬಳಿದರೂ ನಿಲ್ಲದ ಈ ಕಲೆ ಅರಗಿನ ಒಂದು ತೆಳು ಲೇಪಕ್ಕೆ ನಿಲ್ಲುತ್ತದೆ.

ಹಳೆಯ ಎನಾಮಲ್ ಬಣ್ಣವಿರುವ ಸಾಮಾನುಗಳಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ಭಾರತ ಸರ್ಕಾರದ ನಿಯಮ ಪ್ರಕಟವಾದದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದೆಂದೇ ಭಾವಿಸಿ, ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸದೆ, ನೀರು ಚಿಮುಕಿಸಿ ಉಜ್ಜಬೇಕು; ಮಕ್ಕಳನ್ನು ದೂರವಿಡಬೇಕು; ಮೂಗಿಗೆ ಕರವಸ್ತ್ರ ಸಾಲದು, ಸರಿಯಾದ ಮಾಸ್ಕ್ ಬೇಕು. ಕಾರವಾರ, ಅಂಕೋಲಾ, ಕುಮಟಾಗಳಂಥ ಕಡಲತಡಿಯ ಊರುಗಳಲ್ಲಿ ಉಪ್ಪುಗಾಳಿಗೆ ಮೊಳೆ, ತಿರುಗಣೆಗಳು ಬೇಗ ತುಕ್ಕು ಹಿಡಿಯುವುದರಿಂದ ಪ್ರತಿ ಮೊಳೆಯ ತಲೆಗೂ ತುಕ್ಕು ತಡೆಯುವ ರೆಡ್ ಆಕ್ಸೈಡ್ ಪ್ರೈಮರ್ ಮುಟ್ಟಿಸುವುದು ಒಳ್ಳೆಯದು. ಇಲ್ಲವಾದರೆ ತುಕ್ಕಿನ ಕಂದು ಚುಕ್ಕೆಗಳು ಬಣ್ಣದ ಮೂಲಕ ಇಣುಕುತ್ತವೆ.

ಒರಟು, ಹೊಳಪಿಲ್ಲದ ಮೇಲ್ಮೈ ಬೇಕಾದ ಕೆಲಸಗಳಿಗೆ ಈಗ ಹೆಚ್ಚಾಗಿ ಹೇಳುವುದು ಚಾಕ್ ಪೇಂಟನ್ನು. ಇಂಗ್ಲೆಂಡಿನ ಆನಿ ಸ್ಲೋನ್ 1990ರಲ್ಲಿ ಈ ಹೆಸರಿನ ಬಣ್ಣವನ್ನು ತಂದರು. ಸಾಮಾನ್ಯ ಮ್ಯಾಟ್ ಎಮಲ್ಷನ್‌ಗೆ (ಹೊಳಪಿಲ್ಲದ, ನೀರಿನ ಆಧಾರದ ಗೋಡೆಬಣ್ಣಕ್ಕೆ) ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯನ್ನು ನೀರಿನಲ್ಲಿ ಗಂಟಿಲ್ಲದಂತೆ ಕದಡಿ ಸೇರಿಸಿದರೂ ಹತ್ತಿರದ ಗುಣ ಸಿಗುತ್ತದೆ. ಮೂರು ಭಾಗ ಬಣ್ಣಕ್ಕೆ ಒಂದು ಭಾಗ ಪುಡಿ ಎಂಬ ಅಳತೆಯಿಂದ ಆರಂಭಿಸಬಹುದು. ಪ್ಲಾಸ್ಟರ್ ಆಫ್ ಪ್ಯಾರಿಸ್ ಬಳಸುವವರೂ ಇದ್ದಾರೆ, ಆದರೆ ಅದು ಡಬ್ಬಿಯಲ್ಲಿಯೇ ಗಟ್ಟಿಯಾಗತೊಡಗುವುದರಿಂದ ಆ ಹೊತ್ತಿಗೆ ಬೇಕಾದಷ್ಟನ್ನೇ ಕಲಸಬೇಕು.

ಈ ಬಣ್ಣ ಸುಲಭವಾಗಿ ಉಜ್ಜಿ ಹೋಗುತ್ತದೆ ಎಂಬ ದೋಷವೇ ಡಿಸ್ಟ್ರೆಸಿಂಗ್‌ಗೆ ಅನುಕೂಲ. ಕೆಳಗಿನ ಕೋಟು ಒಣಗಿದ ಮೇಲೆ ಅಂಚುಗಳಿಗೆ ಮೇಣದ ಬತ್ತಿಯನ್ನು ತಿಕ್ಕಿ, ಮೇಲಿನ ಕೋಟು ಬಳಿದು, ಅದು ಒಣಗಿದಾಗ ಮರಳುಕಾಗದದಿಂದ ಉಜ್ಜಿದರೆ ಮೇಣವಿದ್ದಲ್ಲಿ ಹಿಡಿತ ಸಿಗದ ಬಣ್ಣ ಸಲೀಸಾಗಿ ಎದ್ದು ಬರುತ್ತದೆ. ತಂತ್ರ ಇಷ್ಟೇ, ಕಷ್ಟವಿರುವುದು ಸ್ಥಳದ ಆಯ್ಕೆಯಲ್ಲಿ. ಕಪಾಟಿನ ಹಿಡಿಕೆಯ ಸುತ್ತ, ಪೆಟ್ಟಿಗೆಯ ಮುಚ್ಚಳದ ಮುಂದಿನ ಅಂಚು, ಕುರ್ಚಿಯ ಕೈ, ಗುಡಿಸುವಾಗ ಕಸಬರಿಗೆ ತಗಲುವ ಕಾಲುಗಳ ಬುಡ, ಹೀಗೆ ಬಳಕೆಯಲ್ಲಿ ನಿಜವಾಗಿ ಸವೆಯುವ ಜಾಗಗಳಲ್ಲಿ ಮಾತ್ರ ಸವೆತ ಒಪ್ಪುತ್ತದೆ. ಯಾರ ಕೈಯೂ ತಾಗದ ಬಾಗಿಲಿನ ನಟ್ಟನಡುವೆ ಉಜ್ಜಿ ತೆಗೆದ ಬಿಳಿ ತೇಪೆಗಳು, ಮಾರಾಟಕ್ಕಿಟ್ಟ ‘ಆ್ಯಂಟಿಕ್’ ಸಾಮಾನುಗಳಲ್ಲಿ ಎಷ್ಟೇ ಸಾಮಾನ್ಯವಾಗಿದ್ದರೂ, ನೋಡುವವರನ್ನು ನಂಬಿಸುವುದಿಲ್ಲ. ನಿಜವಾದ ಹಳೆಯ ಬೀಟೆಯ ಸಾಮಾನನ್ನು ತಂದು ಅದರ ಮೇಲೆ ಸುಳ್ಳು ಹಳತನವನ್ನು ಬಳಿಯುವುದಂತೂ ನನ್ನ ಮಟ್ಟಿಗೆ ಸಲ್ಲದ ಕೆಲಸ. ಅದನ್ನು ಶುಚಿಮಾಡಿ ಪಾಲಿಶ್ ಕೊಟ್ಟರೆ ಸಾಕು.

ಕ್ರ್ಯಾಕಲ್‌ನಲ್ಲಿ ಕೆರೆಯುವ ಕೆಲಸ ನಮ್ಮದಲ್ಲ, ಬಣ್ಣ ತಾನಾಗಿಯೇ ಬಿರಿಯುತ್ತದೆ. ಒಣಗಿದ ಕೆಳಗಿನ ಕೋಟಿನ ಮೇಲೆ ಫೆವಿಕಾಲ್‌ನಂಥ ಬಿಳಿ ಅಂಟನ್ನು ಬಳಿದು, ಅದು ಬೆರಳಿಗೆ ಅಂಟುವಷ್ಟು ಆರಿದಾಗ ಮೇಲಿನ ಎಮಲ್ಷನ್ ಕೋಟನ್ನು ಹಾಕಬೇಕು. ಮೇಲಿನ ಪದರ ಒಣಗುತ್ತ ಕುಗ್ಗುತ್ತದೆ. ಕೆಳಗಿನ ಅಂಟು ಇನ್ನೂ ಮೆತ್ತಗಿರುವುದರಿಂದ ಅದನ್ನು ಹಿಡಿದು ನಿಲ್ಲಿಸಲಾರದು. ಬೇಸಿಗೆಯ ಗದ್ದೆಯಂತೆ ಅದು ಬಿರುಕು ಬಿಡುತ್ತದೆ. ಅಂಟು ದಪ್ಪವಾದಷ್ಟೂ ಬಿರುಕು ದೊಡ್ಡದು. ಬಿರುಕುಗಳು ಸಾಮಾನ್ಯವಾಗಿ ಬ್ರಶ್ ಎಳೆದ ದಿಕ್ಕನ್ನು ಹಿಡಿಯುತ್ತವೆ, ಆದ್ದರಿಂದ ಒಮ್ಮೆ ಎಳೆದ ಜಾಗದ ಮೇಲೆ ಮತ್ತೆ ಬ್ರಶ್ ಆಡಿಸಬಾರದು. ಮಳೆಗಾಲದಲ್ಲಿ ಈ ವಿಧಾನವನ್ನು ಕೈಬಿಡುವುದೇ ಲೇಸು, ಏಕೆಂದರೆ ಮೇಲಿನ ಕೋಟು ನಿಧಾನವಾಗಿ ಆರಿದರೆ ಬಿರುಕು ಸರಿಯಾಗಿ ಮೂಡುವುದಿಲ್ಲ.

ಕಾವಿಯ ಕ್ರಮವನ್ನು ಮರಕ್ಕೆ ತರುವಾಗ ಸುಣ್ಣದ ಗಾರೆಯನ್ನು ಗೋಡೆಗೇ ಬಿಡಬೇಕು. ಮರ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುವುದರಿಂದ ಗಾರೆ ಉದುರುತ್ತದೆ. ಸುಣ್ಣದ ಕ್ಷಾರ ಒಗರು ಹೆಚ್ಚಿರುವ ಮರವನ್ನು ಕಪ್ಪಾಗಿಸುವುದೂ ಉಂಟು. ಅದರ ಬದಲು ಬಿಳಿ ಕೋಟನ್ನು ಹಲವು ದಿನ ಬಿಟ್ಟು ಪೂರ್ತಿ ಗಟ್ಟಿಯಾಗಿಸಿ, ಅದರ ಮೇಲೆ ಕೆಮ್ಮಣ್ಣಿನ ಬಣ್ಣದ ಎಮಲ್ಷನ್ ಅನ್ನು ಸಣ್ಣ ಸಣ್ಣ ಭಾಗಗಳಲ್ಲಿ ಬಳಿದು, ತೇವ ಆರುವ ಮೊದಲು ಮೊಂಡು ಸೂಜಿಯಿಂದಲೋ ಬಿದಿರಿನ ಕಡ್ಡಿಯಿಂದಲೋ ಗೆರೆ ಎಳೆಯಬೇಕು. ಒಮ್ಮೆಗೇ ಇಡೀ ಬಾಗಿಲಿಗೆ ಬಳಿದರೆ ಕೊನೆಯ ಮೂಲೆಗೆ ಬರುವಷ್ಟರಲ್ಲಿ ಬಣ್ಣ ಒಣಗಿ, ಗೆರೆಯ ಅಂಚು ಹರಿದುಹೋಗುತ್ತದೆ.

ಇವೆಲ್ಲ ಮೇಲಿನ ಬಣ್ಣವನ್ನು ತೆಗೆಯುವ ಇಲ್ಲವೇ ಬಿರಿಸುವ ವಿಧಾನಗಳು. ಡ್ರೈ ಬ್ರಶಿಂಗ್, ಸ್ಟೆನ್ಸಿಲ್‌ನಂಥ, ಅದನ್ನು ಅಲ್ಲಲ್ಲಿ ಮಾತ್ರ ಸೇರಿಸುವ ವಿಧಾನಗಳಲ್ಲಿ ಕಲಿಯಬೇಕಾದ್ದು ಮುಖ್ಯವಾಗಿ ಒಂದೇ: ಬ್ರಶ್ಶಿನಲ್ಲಾಗಲಿ ಸ್ಪಂಜಿನಲ್ಲಾಗಲಿ ಬಣ್ಣ ಬಹಳ ಕಡಿಮೆ ಇರಬೇಕು. ಸ್ಟೆನ್ಸಿಲ್ ಹಾಳೆಯ ಅಡಿಗೆ ಬಣ್ಣ ನುಸುಳುವುದು ಅದು ಹೆಚ್ಚಾದಾಗ. ಗೆರೆಯ ಅಲಂಕಾರಕ್ಕೆ ಶಿರಸಿ, ಸಿದ್ದಾಪುರ ಸೀಮೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆಗೆ ಬರೆಯುವ ಹಸೆ ಚಿತ್ತಾರವನ್ನು ನೋಡಿ ಕಲಿಯುವುದು ಬಹಳವಿದೆ. ಕೆಮ್ಮಣ್ಣಿನ ನೆಲೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯನ್ನು ಪುಂಡಿನಾರಿನ ಕುಂಚದಿಂದ ಎಳೆಯುವ ಆ ಸಣ್ಣ ಗೆರೆಗಳು ನೆಲೆಯನ್ನು ಎಲ್ಲಿಯೂ ಮುಚ್ಚಿಹಾಕುವುದಿಲ್ಲ.

ಉಳಿದದ್ದು ರಕ್ಷಣೆಯ ಲೇಪ. ಜೇನುಮೇಣವನ್ನು ಟರ್ಪೆಂಟೈನಿನಲ್ಲಿ ಕರಗಿಸಿ ಹಚ್ಚಿದರೆ ಚಾಕ್ ಪೇಂಟಿಗೆ ಮೃದುವಾದ ಮೆರುಗು ಬರುತ್ತದೆ, ಆದರೆ ಬಿಸಿ ಚಹಾದ ಲೋಟವನ್ನು ಅದು ತಾಳಲಾರದು. ಮೇಜಿನ ಮೇಲ್ಮೈಗೆ ನೀರಿನ ಆಧಾರದ ಮ್ಯಾಟ್ ವಾರ್ನಿಶ್ ಸೂಕ್ತ. ಮೇಣದ ಮೇಲೆ ವಾರ್ನಿಶ್ ಹಿಡಿಯುವುದಿಲ್ಲವಾದ್ದರಿಂದ ಎರಡರಲ್ಲಿ ಯಾವುದೆಂಬುದನ್ನು ಮೊದಲೇ ನಿರ್ಧರಿಸಬೇಕು. ಅಂಚಿಗೆ ತಿಕ್ಕಿದ ಮೇಣದ ಬತ್ತಿಯ ಉಳಿಕೆಯನ್ನೂ ಟರ್ಪೆಂಟೈನ್ ಬಟ್ಟೆಯಿಂದ ಒರೆಸಿ ತೆಗೆದಿರಬೇಕು. ಅರಗಿನ ಪಾಲಿಶ್ ತೇವದ ಗಾಳಿಯಲ್ಲಿ ಬೆಳ್ಳಗೆ ಮಂಜು ಕಟ್ಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಈ ಲೇಪಗಳಿಗೆ ನವೆಂಬರಿನಿಂದ ಮಾರ್ಚಿನವರೆಗಿನ ಒಣಹವೆಯೇ ಸರಿಯಾದ ಕಾಲ. ಮಳೆಗಾಲದಲ್ಲಿ ಮರಳುಕಾಗದದ ಕೆಲಸ, ಸಡಿಲಾದ ಕೀಲುಗಳ ರಿಪೇರಿ, ಸ್ಟೆನ್ಸಿಲ್ ಕತ್ತರಿಸುವುದು, ಹಲಗೆಯ ಚೂರುಗಳ ಮೇಲೆ ಬಣ್ಣಗಳ ಮಾದರಿ ನೋಡುವುದು, ಇವುಗಳನ್ನು ಮುಗಿಸಿಕೊಳ್ಳಬಹುದು.